ಹೆಚ್ಚಿಗೆ ಬಂದ ಸಂಬಳದ ಲೆಕ್ಕ

ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಶಿಕ್ಷಕರೊಬ್ಬರ ಸೇವಾ ಪುಸ್ತಕ ಕಚೇರಿಯ ಬೀರುವಿನಿಂದ ಹೊರಬರುತ್ತದೆ. ಪಿಂಚಣಿ ನಿಗದಿಗೆ ಅದು ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಬೇಕು. ಹೋಗುವ ಮುನ್ನ ವಿಷಯ ನಿರ್ವಾಹಕರು ಮೊದಲ ಪುಟದಿಂದ ಒಂದೊಂದೇ ವೇತನ ಬಡ್ತಿಯನ್ನು ಕೂಡಿಕೊಂಡು ಬರುತ್ತಾರೆ. ಎಲ್ಲೋ ನಡುವೆ ಲೆಕ್ಕ ತಾಳೆಯಾಗುವುದಿಲ್ಲ. ಹದಿನೈದು ವರ್ಷದ ಹಿಂದೆ ಕಾಲಮಿತಿ ಬಡ್ತಿ ಕೊಟ್ಟು ವೇತನ ನಿಗದಿ ಮಾಡುವಾಗ ಒಂದು ಮೆಟ್ಟಿಲು ಹೆಚ್ಚಿಗೆ ಏರಿಸಿಬಿಟ್ಟಿದ್ದಾರೆ. ಅಲ್ಲಿಂದೀಚೆಗೆ ಬಂದ ಪ್ರತಿ ತಿಂಗಳ ಸಂಬಳದಲ್ಲೂ ಆ ತಪ್ಪಿನ ಪಾಲಿದೆ. ತುಟ್ಟಿ ಭತ್ಯೆಯನ್ನೂ ಸೇರಿಸಿ ಕೂಡಿದರೆ ಮೊತ್ತ ಲಕ್ಷ ದಾಟುತ್ತದೆ. ಸರ್ಕಾರಿ ನೌಕರರು ‘ರಿಕವರಿ ಬಿತ್ತು’ ಎಂದು ಹೇಳಿಕೊಳ್ಳುವ ಸಂಕಟ ಶುರುವಾಗುವುದು ಹೀಗೆ.

ಈ ಚಿತ್ರ ಯಾವುದೋ ಒಂದು ಕಚೇರಿಯದಲ್ಲ. ರಾಜ್ಯದ ಯಾವ ತಾಲೂಕಿನಲ್ಲಾದರೂ ನಡೆಯಬಹುದಾದದ್ದು. ಇಲ್ಲಿ ಯಾರೂ ಸುಳ್ಳು ದಾಖಲೆ ಕೊಟ್ಟಿಲ್ಲ, ಯಾರೂ ಹಣ ಹೊಡೆದಿಲ್ಲ. ಕಚೇರಿ ಲೆಕ್ಕ ಹಾಕಿತು, ಖಜಾನೆ ಬಿಲ್ಲು ಪಾಸು ಮಾಡಿತು, ಬ್ಯಾಂಕು ಖಾತೆಗೆ ಜಮೆ ಮಾಡಿತು, ನೌಕರ ಮನೆ ನಡೆಸಿದ. ಆ ಹಣದಲ್ಲಿ ಮಗಳ ಕಾಲೇಜು ಶುಲ್ಕ ಕಟ್ಟಿಯಾಗಿದೆ, ಮನೆಗೆ ಸೂರು ಹಾಕಿಯಾಗಿದೆ. ಖರ್ಚಾಗಿ ಹೋದದ್ದನ್ನು ಹಿಂದಕ್ಕೆ ಕೊಡು ಎಂದರೆ ಎಲ್ಲಿಂದ ತರುವುದು? ಹಾಗೆಂದು ಬಿಟ್ಟುಬಿಡಬೇಕೇ? ಅದು ಜನರ ತೆರಿಗೆ ಹಣ. ಎರಡೂ ಪ್ರಶ್ನೆ ನ್ಯಾಯವಾದವೇ. ಅದಕ್ಕೇ ನಮ್ಮ ಸುಪ್ರೀಂ ಕೋರ್ಟು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳುತ್ತಿದೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಸಂಬಳದ ಲೆಕ್ಕದ ತೊಡಕು ಹೊಸತಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲೂಕು. ಇಂದಿನ ಹನೂರು ತಾಲೂಕಿನ ನೆಲವೂ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆಗೆ ಸೇರಿದ್ದು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಕೊಟ್ಟ ಊರು. ಹೀಗೆ ಕೂಗಳತೆಯ ಎರಡು ಊರುಗಳ ಶಾಲಾ ಮೇಷ್ಟರು ಎರಡು ರಾಜ್ಯಗಳ ಬೇರೆ ಬೇರೆ ನಿಯಮದಂತೆ ಸಂಬಳ ಎಣಿಸುತ್ತಿದ್ದರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿನ ನೌಕರರೂ ಜೊತೆಗೆ ಬಂದರು. ಹಾಗೆ ಬಂದವರ ಸೇವಾ ಷರತ್ತುಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೇ ಕಲಮು ರಕ್ಷಣೆ ಕೊಟ್ಟಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರನ್ನು ಒಂದೇ ಸಂಬಳದ ಪಟ್ಟಿಗೆ ತರುವ ಕೆಲಸ ವರ್ಷಗಟ್ಟಲೆ ಹಿಡಿಯಿತು. 1958ರ ಮೈಸೂರು ಸಿವಿಲ್ ಸೇವಾ ನಿಯಮಗಳು ಆ ಕಾಲದವು. ಇಂದಿಗೂ ಕಚೇರಿಗಳಲ್ಲಿ ಕೆಸಿಎಸ್‌ಆರ್ ಎಂದು ಕರೆಯುವ ದಪ್ಪ ಪುಸ್ತಕ ಅದೇ, ಹೆಸರು ಮಾತ್ರ ಕರ್ನಾಟಕ ಎಂದಾಗಿದೆ.

ಆ ಪುಸ್ತಕ ತಿರುವಿ ನೋಡಿದವರಿಗೆ ಸಂಬಳವೆನ್ನುವುದು ಒಂದು ಅಂಕಿಯಲ್ಲ ಎಂದು ತಿಳಿಯುತ್ತದೆ. ಮೂಲ ವೇತನ, ಅದರ ಮೇಲೆ ತುಟ್ಟಿ ಭತ್ಯೆ, ಊರಿನ ಜನಸಂಖ್ಯೆ ನೋಡಿ ಕೊಡುವ ಮನೆ ಬಾಡಿಗೆ ಭತ್ಯೆ, ಹುದ್ದೆಗೆ ತಕ್ಕ ವಿಶೇಷ ಭತ್ಯೆ. ಬಡ್ತಿಯಾದಾಗ ಒಂದು ನಿಯಮ, ಬಡ್ತಿಯಿಲ್ಲದೆ ಹತ್ತು ವರ್ಷ ದಾಟಿದಾಗ ಇನ್ನೊಂದು, ರಜೆಯ ಬಗೆಗೆ ತಕ್ಕಂತೆ ಮತ್ತೊಂದು. ಇಲಾಖಾ ಪರೀಕ್ಷೆ ಪಾಸಾಗದವರ ವೇತನ ಬಡ್ತಿ ನಿಲ್ಲಬೇಕು. ಪರೀಕ್ಷೆ ಪಾಸಾದ ಮೇಲೆ ಯಾವ ದಿನದಿಂದ ಕೊಡಬೇಕೆಂಬುದಕ್ಕೂ ಲೆಕ್ಕವಿದೆ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬಿಲ್ಲು ಮಾಡುವವರು ತಾಲೂಕು ಕಚೇರಿಯ ಒಬ್ಬ ಪ್ರಥಮ ದರ್ಜೆ ಸಹಾಯಕರೋ ದ್ವಿತೀಯ ದರ್ಜೆ ಸಹಾಯಕರೋ ಆಗಿರುತ್ತಾರೆ. ಅದರ ಜೊತೆಗೆ ಅವರ ಮೇಜಿನ ಮೇಲೆ ಬೇರೆ ಹತ್ತು ಕಡತಗಳೂ ಇರುತ್ತವೆ.

ಕಂಪ್ಯೂಟರು ಬರುವ ಮುಂಚೆ ವೇತನ ಬಿಲ್ಲನ್ನು ಕೈಯಲ್ಲಿ ಬರೆಯುತ್ತಿದ್ದರು. ಪ್ರತಿ ತಿಂಗಳೂ ಉದ್ದನೆಯ ಹಾಳೆಯಲ್ಲಿ ಒಬ್ಬೊಬ್ಬರ ಹೆಸರು, ಮೂಲ ವೇತನ, ಭತ್ಯೆ, ಕಟಾವಣೆಗಳನ್ನು ಹೊಸದಾಗಿ ಬರೆದು, ಅಡ್ಡ ಕೂಡಿ, ಉದ್ದ ಕೂಡಿ, ಎರಡೂ ತಾಳೆಯಾದ ಮೇಲೆ ಬಟವಾಡೆ ಅಧಿಕಾರಿ ಸಹಿ ಹಾಕುತ್ತಿದ್ದರು. ಬಿಲ್ಲು ಖಜಾನೆಗೆ ಹೋಗಿ ನಗದಾಗಿ ಬಂದ ಮೇಲೆ ನೌಕರರು ಬಟವಾಡೆ ಪುಸ್ತಕದಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿ ಎಣಿಸಿಕೊಳ್ಳುತ್ತಿದ್ದರು. ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪುಗಳು ಆಗ ಧಾರಾಳವಾಗಿದ್ದವು. ಆದರೆ ಪ್ರತಿ ತಿಂಗಳೂ ಒಬ್ಬ ಮನುಷ್ಯ ಪ್ರತಿ ಹೆಸರಿನ ಮುಂದಿನ ಅಂಕಿಯನ್ನು ಕೈಯಾರೆ ಬರೆಯಬೇಕಿತ್ತು. ಹೀಗೆ ಬರೆಯುವಾಗ ‘ಇವರು ಹೋದ ತಿಂಗಳು ರಜೆಯಲ್ಲಿದ್ದರಲ್ಲ’, ‘ಇವರಿಗೆ ಕ್ವಾರ್ಟರ್ಸು ಕೊಟ್ಟಾಯಿತಲ್ಲ’ ಎಂಬ ನೆನಪು ತಾನಾಗಿ ಬರುತ್ತಿತ್ತು.

2000ದ ದಶಕದ ಆರಂಭದಲ್ಲಿ ಕರ್ನಾಟಕ ‘ಖಜಾನೆ’ ಎಂಬ ಯೋಜನೆಯಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ಖಜಾನೆಗಳನ್ನು ಕಂಪ್ಯೂಟರಿನಿಂದ ಬೆಸೆಯಿತು. ದೇಶದಲ್ಲೇ ಮೊದಲ ಸಾಲಿನ ಪ್ರಯತ್ನಗಳಲ್ಲಿ ಅದೂ ಒಂದು. ನೌಕರರ ಸೇವಾ ವಿವರ ಮತ್ತು ವೇತನ ಬಿಲ್ಲಿಗೆಂದು ಎಚ್‌ಆರ್‌ಎಂಎಸ್ ಬಂತು. ಅದರ ನಂತರ ‘ಖಜಾನೆ-2’ ಬಂದು, ಬಿಲ್ಲು ವಿದ್ಯುನ್ಮಾನವಾಗಿ ಖಜಾನೆಗೆ ಹೋಗಿ ಹಣ ನೇರವಾಗಿ ನೌಕರನ ಬ್ಯಾಂಕ್ ಖಾತೆಗೆ ಬೀಳುವ ವ್ಯವಸ್ಥೆಯಾಯಿತು. ಇದು ದೊಡ್ಡ ಉಪಕಾರ. ಮಲೆ ಮಹದೇಶ್ವರ ಬೆಟ್ಟದ ಆಚೆ ಗೋಪಿನಾಥಂನಲ್ಲಿ ಕೆಲಸ ಮಾಡುವವರಾಗಲಿ, ಬಿಳಿಗಿರಿರಂಗನ ಬೆಟ್ಟದ ಪೋಡಿನ (ಹಾಡಿಯ) ಶಾಲೆಯ ಶಿಕ್ಷಕರಾಗಲಿ ಸಂಬಳಕ್ಕೆಂದು ಈಗ ಬೆಟ್ಟವಿಳಿದು ಬರಬೇಕಿಲ್ಲ. ಕೂಡುವ ಕಳೆಯುವ ತಪ್ಪುಗಳು ಬಹುಮಟ್ಟಿಗೆ ಮಾಯವಾದವು.

ಮಾಯವಾಗದೆ ಉಳಿದದ್ದು ಇನ್ನೊಂದು ಬಗೆಯ ತಪ್ಪು. ಗಣಕಯಂತ್ರದ ಬಿಲ್ಲು ಹೋದ ತಿಂಗಳದ್ದನ್ನೇ ಈ ತಿಂಗಳಿಗೆ ಎತ್ತಿಕೊಳ್ಳುತ್ತದೆ. ಬದಲಾವಣೆಯಿದ್ದರೆ ಯಾರಾದರೂ ಹೇಳಬೇಕು. ಹೇಳದಿದ್ದರೆ ಹಳೆಯದೇ ಸರಿ. ಒಂದು ಸಲ ತಪ್ಪಾಗಿ ನಮೂದಾದ ಅಂಕಿ, ತಪ್ಪು ಜಾಗದಲ್ಲಿ ನೆಟ್ಟ ಬಾಂದುಕಲ್ಲಿನ ಹಾಗೆ. ಮುಂದಿನ ಉಳುಮೆಯೆಲ್ಲ ಅದನ್ನೇ ಹಿಡಿದು ಸಾಗುತ್ತದೆ. ಮುಂದೆ ಬರುವ ಬಡ್ತಿ ಅದರ ಮೇಲೆ, ತುಟ್ಟಿ ಭತ್ಯೆ ಅದರ ಮೇಲೆ, ವೇತನ ಆಯೋಗ ಬಂದಾಗ ಹೊಸ ಶ್ರೇಣಿಯ ಜೋಡಣೆಯೂ ಅದರ ಮೇಲೆಯೇ. ಖಜಾನೆಯಲ್ಲಿ ಬಿಲ್ಲನ್ನು ಪರಿಶೀಲಿಸುತ್ತಾರೆ, ನಿಜ. ಆದರೆ ನೌಕರನ ಸೇವಾ ಪುಸ್ತಕ ಅವನ ಕಚೇರಿಯಲ್ಲೇ ಇರುತ್ತದೆ. ಅವನ ಬಡ್ತಿಯ ದಿನಾಂಕ ಸರಿಯಿದೆಯೇ ಎಂದು ಅಲ್ಲಿಂದ ಕಾಣುವುದಿಲ್ಲ.

ಮನೆ ಬಾಡಿಗೆ ಭತ್ಯೆಯನ್ನು ತೆಗೆದುಕೊಳ್ಳಿ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಹೊಸ ವೇತನ ಜಾರಿಗೆ ಬಂದಾಗ ಈ ಭತ್ಯೆ ಬೆಂಗಳೂರಿನಂಥ ಮಹಾನಗರಕ್ಕೆ ಮೂಲ ವೇತನದ ಶೇ. 20, ಮೈಸೂರಿನಂಥ ನಗರಗಳಿಗೆ ಶೇ. 15, ಉಳಿದ ಊರುಗಳಿಗೆ ಶೇ. 7.5 ಎಂದಾಯಿತು. ಮೈಸೂರು ನಗರದಿಂದ ಹನೂರಿಗೆ ವರ್ಗವಾದ ಒಬ್ಬರ ಮೂಲ ವೇತನ ಲೆಕ್ಕಕ್ಕೆ ಅನುಕೂಲವಾಗಲೆಂದು 50,000 ರೂ. ಎಂದಿಟ್ಟುಕೊಳ್ಳೋಣ. ಮೈಸೂರಿನಲ್ಲಿ ಅವರಿಗೆ 7,500 ರೂ. ಬಾಡಿಗೆ ಭತ್ಯೆ, ಹನೂರಿನಲ್ಲಿ 3,750. ಕೊನೆಯ ವೇತನ ಪ್ರಮಾಣಪತ್ರ ಹೊಸ ಕಚೇರಿಗೆ ಬಂದಾಗ ಆ ಒಂದು ನಮೂದು ಬದಲಾಗದೆ ಉಳಿದರೆ ತಿಂಗಳಿಗೆ 3,750 ರೂ. ಹೆಚ್ಚಿಗೆ ಹೋಗುತ್ತದೆ. ಮೂರು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ 1,35,000 ರೂಪಾಯಿ. ಮೊದಲ ತಿಂಗಳಲ್ಲೇ ಕಂಡಿದ್ದರೆ ಮುಂದಿನ ಸಂಬಳದಲ್ಲಿ ಹಿಡಿದುಕೊಂಡು ಮುಗಿಸಬಹುದಿತ್ತು, ಆ ನೌಕರನಿಗೂ ಅದು ಭಾರವಾಗುತ್ತಿರಲಿಲ್ಲ.

ಸರ್ಕಾರಿ ವಸತಿಗೃಹ ಸಿಕ್ಕಿದವರಿಗೆ ಬಾಡಿಗೆ ಭತ್ಯೆಯೇ ಇಲ್ಲ. ಹನೂರು ಮತ್ತು ಯಳಂದೂರು ತಾಲೂಕುಗಳ ಕಾಡಂಚಿನಲ್ಲಿ ಅರಣ್ಯ ರಕ್ಷಕರು, ಪೊಲೀಸರು, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರು ವಸತಿಗೃಹದಲ್ಲಿರುವುದು ಸಾಮಾನ್ಯ. ಮನೆ ಹಂಚುವ ಕಚೇರಿ ಒಂದು, ಸಂಬಳ ಮಾಡುವ ಕಚೇರಿ ಇನ್ನೊಂದಾಗಿದ್ದರೆ ಮನೆ ಕೊಟ್ಟ ಆದೇಶದ ಪ್ರತಿ ಬಿಲ್ಲು ಮಾಡುವವರ ಮೇಜಿಗೆ ಬಂದು ತಲುಪಬೇಕು. ಅದು ದಾರಿಯಲ್ಲಿ ಎಲ್ಲಾದರೂ ನಿಂತರೆ ಭತ್ಯೆ ಮಾತ್ರ ನಿಲ್ಲದೆ ಹೋಗುತ್ತಿರುತ್ತದೆ.

ತಿಂಗಳ ಕೊನೆಯ ವಾರವೂ ಅಪಾಯದ ಕಾಲ. ಸಂಬಳ ಸಮಯಕ್ಕೆ ಸರಿಯಾಗಿ ಸೇರಬೇಕಾದರೆ ಬಿಲ್ಲನ್ನು ತಿಂಗಳು ಮುಗಿಯುವ ಮುನ್ನವೇ ಸಿದ್ಧ ಮಾಡಬೇಕು. ಬಿಲ್ಲು ಹೋದ ಮೇಲೆ ಯಾರೋ ವೇತನರಹಿತ ರಜೆ ಹಾಕುತ್ತಾರೆ, ಯಾರೋ ಅಮಾನತಾಗುತ್ತಾರೆ, ಇನ್ನಾರೋ ತೀರಿಹೋಗುತ್ತಾರೆ. ಪೂರ್ತಿ ಸಂಬಳ ಖಾತೆಗೆ ಬಿದ್ದಿರುತ್ತದೆ. ಇಂಥ ಹೆಚ್ಚುವರಿ ಮುಂದಿನ ತಿಂಗಳೇ ಸರಿಹೋಗಬೇಕು. ರಜೆಯ ಆದೇಶ ತಡವಾಗಿ ಮಂಜೂರಾದರೆ, ಅಥವಾ ಆ ಅವಧಿ ಯಾವ ರಜೆಯೆಂದು ತೀರ್ಮಾನವಾಗದೆ ಕಡತ ಕಚೇರಿಯಿಂದ ಕಚೇರಿಗೆ ಅಲೆದರೆ, ಅದೂ ಹಳೆಯ ಬಾಕಿಯ ಸಾಲಿಗೆ ಸೇರುತ್ತದೆ.

ಹೊಸ ತಾಲೂಕು ಹುಟ್ಟುವ ಸಮಯವೂ ಹಾಗೆಯೇ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಹನೂರೂ ಒಂದು. ಹೊಸ ತಾಲೂಕೆಂದರೆ ಹೊಸ ಕಚೇರಿ, ಹೊಸ ಬಟವಾಡೆ ಅಧಿಕಾರಿ, ಹೊಸ ಸಂಕೇತ ಸಂಖ್ಯೆ. ನೌಕರರ ವಿವರ ಹಳೆಯ ಕಚೇರಿಯ ಪಟ್ಟಿಯಿಂದ ಹೊಸದಕ್ಕೆ ಸ್ಥಳಾಂತರವಾಗಬೇಕು. ಸೇವಾ ಪುಸ್ತಕ ಒಂದು ಕಡೆ, ಕಂಪ್ಯೂಟರಿನ ದಾಖಲೆ ಇನ್ನೊಂದು ಕಡೆ ಉಳಿಯುವ ದಿನಗಳಿವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ವ್ಯವಧಾನವನ್ನು ಸರ್ಕಾರ ಆಗ ಸಿಬ್ಬಂದಿಗೆ ಒದಗಿಸಿಕೊಡಬೇಕು. ಖಾಲಿ ಹುದ್ದೆಗಳನ್ನಿಟ್ಟುಕೊಂಡು ಆ ವ್ಯವಧಾನ ಎಲ್ಲಿಂದ ಬಂದೀತು?

ಕುಟುಂಬ ಪಿಂಚಣಿಯಲ್ಲಿ ಇದರ ಇನ್ನೊಂದು ರೂಪವಿದೆ. ಸೇವೆಯಲ್ಲಿರುವಾಗಲೇ ನೌಕರ ತೀರಿಕೊಂಡರೆ ಕುಟುಂಬಕ್ಕೆ ಮೊದಲ ಕೆಲವು ವರ್ಷ ಹೆಚ್ಚಿನ ದರದಲ್ಲಿ, ಆಮೇಲೆ ಸಾಮಾನ್ಯ ದರದಲ್ಲಿ ಪಿಂಚಣಿ. ದರ ಇಳಿಯಬೇಕಾದ ದಿನಾಂಕ ಪಿಂಚಣಿ ಆದೇಶದಲ್ಲೇ ಬರೆದಿರುತ್ತದೆ. ಆ ದಿನ ಬ್ಯಾಂಕಿನಲ್ಲಿ ಯಾರೂ ಗಮನಿಸದಿದ್ದರೆ ಹೆಚ್ಚಿನ ದರವೇ ಮುಂದುವರಿಯುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಅದರಲ್ಲೂ ಆದೇಶ ಓದಲು ಬಾರದವಳಿಗೆ, ಇದು ಹೇಗೆ ತಿಳಿಯಬೇಕು? ವರ್ಷಗಳ ಮೇಲೆ ಒಂದು ತಿಂಗಳು ಪಿಂಚಣಿ ಇಳಿದಾಗಷ್ಟೇ ಅವಳಿಗೆ ಸುದ್ದಿ ಮುಟ್ಟುತ್ತದೆ.

ಇನ್ನು ನ್ಯಾಯಾಲಯದ ಮಾತು. ಭಗವಾನ್ ಶುಕ್ಲಾ ಎಂಬ ರೈಲ್ವೆ ಗಾರ್ಡಿನ ಪ್ರಕರಣ 1994ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 1970ರಲ್ಲಿ ಅವರ ಮೂಲ ವೇತನವನ್ನು ತಿಂಗಳಿಗೆ 190 ರೂ. ಎಂದು ನಿಗದಿ ಮಾಡಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ 1991ರಲ್ಲಿ ಇಲಾಖೆ ಅದು 181 ಆಗಬೇಕಿತ್ತು ಎಂದು ಕಂಡುಕೊಂಡು ಹಿಂದಿನಿಂದಲೇ ಇಳಿಸಿತು. ಒಂಬತ್ತು ರೂಪಾಯಿ ವ್ಯತ್ಯಾಸ. ಆದೇಶ ಹೊರಡಿಸುವ ಮುನ್ನ ಅವರನ್ನು ಒಂದು ಮಾತು ಕೇಳಿರಲಿಲ್ಲ. ನೋಟಿಸು ಕೊಡದೆ, ಅಹವಾಲು ಕೇಳದೆ ಒಬ್ಬನ ಸಂಬಳ ಕಡಿಮೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ತಾಲೂಕು ಮಟ್ಟದ ಪ್ರತಿಯೊಬ್ಬ ಬಟವಾಡೆ ಅಧಿಕಾರಿಯೂ ನೆನಪಿಡಬೇಕಾದ ತೀರ್ಪಿದು. ಮೊತ್ತ ಎಷ್ಟೇ ಚಿಕ್ಕದಾಗಿರಲಿ, ಮೊದಲು ಕಾಗದ, ಆಮೇಲೆ ಕಟಾವಣೆ.

ಅದೇ ವರ್ಷ ತೀರ್ಮಾನವಾದ ಸಾಹಿಬ್ ರಾಮ್ ಪ್ರಕರಣ ಹರಿಯಾಣದ ಕಾಲೇಜು ಗ್ರಂಥಪಾಲರೊಬ್ಬರದು. ಬೇಕಾದ ವಿದ್ಯಾರ್ಹತೆ ಇಲ್ಲದಿದ್ದರೂ ಪ್ರಾಂಶುಪಾಲರು ತಪ್ಪಾಗಿ ಮೇಲಿನ ವೇತನ ಶ್ರೇಣಿ ಕೊಟ್ಟಿದ್ದರು. ತಪ್ಪು ಗ್ರಂಥಪಾಲರದಲ್ಲ, ಅವರೇನೂ ಮರೆಮಾಚಿರಲಿಲ್ಲ, ಆದ್ದರಿಂದ ಆಗಲೇ ಕೊಟ್ಟ ಹಣ ವಾಪಸು ಪಡೆಯಬೇಡಿ ಎಂದಿತು ನ್ಯಾಯಾಲಯ. ಬಿಹಾರದ ಶಿಕ್ಷಕರ ಸೈಯದ್ ಅಬ್ದುಲ್ ಖಾದಿರ್ ಪ್ರಕರಣದಲ್ಲಿ 2008ರ ಡಿಸೆಂಬರ್‌ನಲ್ಲಿ ಇದೇ ದಾರಿ ಹಿಡಿಯಿತು. ಆದರೆ 2012ರಲ್ಲಿ ಉತ್ತರಾಖಂಡದ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ ಧ್ವನಿ ಬದಲಾಯಿತು. ಅದು ತೆರಿಗೆದಾರರ ಹಣ, ಕೊಟ್ಟವರದೂ ಅಲ್ಲ, ಪಡೆದವರದೂ ಅಲ್ಲ. ಅತಿ ಕಷ್ಟದ ಕೆಲವು ಸಂದರ್ಭ ಬಿಟ್ಟರೆ ವಸೂಲು ಮಾಡಬಹುದು ಎಂಬ ತೀರ್ಪು ಬಂತು. ಎರಡು ಬಗೆಯ ತೀರ್ಪುಗಳ ನಡುವೆ ಕಚೇರಿಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವಂತಾಯಿತು.

ಈ ಗೊಂದಲಕ್ಕೆ 2014ರ ಡಿಸೆಂಬರ್ 18ರಂದು ಒಂದು ಆಕಾರ ಬಂತು. ಪಂಜಾಬ್ ಸರ್ಕಾರ ಮೇಲ್ಮನವಿ ಸಲ್ಲಿಸಿದ್ದ ಆ ಪ್ರಕರಣಕ್ಕೆ ಹೆಸರಾದವರು ರಫೀಕ್ ಮಸೀಹ್. ತೀರ್ಪಿನ ಶೀರ್ಷಿಕೆಯಲ್ಲೇ ಅವರ ಕೆಲಸ ನಮೂದಾಗಿದೆ, ಸುಣ್ಣ ಬಳಿಯುವವರು. ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಅರುಣ್ ಮಿಶ್ರಾ ಅವರ ಪೀಠ ವಸೂಲಿ ಮಾಡಬಾರದ ಐದು ಸನ್ನಿವೇಶಗಳನ್ನು ಹೇಳಿತು. ‘ಸಿ’ ಮತ್ತು ‘ಡಿ’ ವರ್ಗದ ನೌಕರರಿಂದ ವಸೂಲಿಯಿಲ್ಲ. ನಿವೃತ್ತರಾದವರಿಂದ, ಇಲ್ಲವೇ ವಸೂಲಿ ಆದೇಶದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಇಲ್ಲ. ಆದೇಶಕ್ಕೆ ಮುಂಚೆ ಐದು ವರ್ಷಕ್ಕೂ ಹೆಚ್ಚು ಕಾಲ ಹಣ ಪಾವತಿಯಾಗುತ್ತ ಬಂದಿದ್ದರೆ ಇಲ್ಲ. ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿ ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೂ ಇಲ್ಲ. ಇವಲ್ಲದೆ, ವಸೂಲಿ ಮಾಡುವ ಸರ್ಕಾರದ ಹಕ್ಕಿಗಿಂತ ನೌಕರನಿಗಾಗುವ ಅನ್ಯಾಯ ಹೆಚ್ಚೆಂದು ನ್ಯಾಯಾಲಯಕ್ಕೆ ಕಂಡ ಯಾವ ಸಂದರ್ಭದಲ್ಲೂ ಇಲ್ಲ. ಕೇಂದ್ರದ ಸಿಬ್ಬಂದಿ ಇಲಾಖೆ 2016ರ ಮಾರ್ಚ್ 2ರಂದು ಇದೇ ಆಧಾರದ ಮೇಲೆ ತನ್ನ ಕಚೇರಿಗಳಿಗೆ ಸೂಚನೆ ಕೊಟ್ಟಿತು.

ಕೊಳ್ಳೇಗಾಲ ಉಪವಿಭಾಗದ ಸರ್ಕಾರಿ ನೌಕರರನ್ನು ನೋಡಿದರೆ ಈ ಮೊದಲ ಸನ್ನಿವೇಶದ ತೂಕ ತಿಳಿಯುತ್ತದೆ. ಪ್ರಾಥಮಿಕ ಶಾಲಾ ಶಿಕ್ಷಕರು, ಗುಮಾಸ್ತರು, ಗ್ರಾಮ ಆಡಳಿತ ಅಧಿಕಾರಿಗಳು, ಅರಣ್ಯ ರಕ್ಷಕರು, ಹಾಸ್ಟೆಲಿನ ಅಡುಗೆಯವರು, ಕಚೇರಿಯ ಜವಾನರು ಎಲ್ಲರೂ ‘ಸಿ’ ಅಥವಾ ‘ಡಿ’ ವರ್ಗದವರೇ. ತಾಲೂಕು ಮಟ್ಟದಲ್ಲಿ ಅವರೇ ಹೆಚ್ಚು. ಸಂಬಳದ ನಿಯಮಗಳನ್ನು ತಾವೇ ಓದಿ ತಪ್ಪು ಕಂಡುಹಿಡಿಯಲಿ ಎಂದು ಅವರಿಂದ ನಿರೀಕ್ಷಿಸುವುದು ಸರಿಯಲ್ಲ.

ಆದರೆ ಈ ತೀರ್ಪನ್ನು ಹೇಗೆ ಬೇಕಾದರೂ ಓದಬಾರದು. ಇನ್ನು ಮುಂದೆಯೂ ತಪ್ಪು ಸಂಬಳವೇ ಸಿಗುತ್ತದೆ ಎಂದು ಅದರ ಅರ್ಥವಲ್ಲ. ತಪ್ಪು ಕಂಡ ದಿನದಿಂದ ಮೂಲ ವೇತನವನ್ನು ಸರಿಪಡಿಸಬಹುದು, ಪಿಂಚಣಿಯನ್ನೂ ಸರಿಯಾದ ವೇತನದ ಮೇಲೆ ನಿಗದಿ ಮಾಡಬಹುದು. ರಕ್ಷಣೆಯಿರುವುದು ಆಗಲೇ ಪಡೆದು ಖರ್ಚು ಮಾಡಿದ ಹಣಕ್ಕೆ. ಸುಳ್ಳು ಪ್ರಮಾಣಪತ್ರ ಕೊಟ್ಟವರಿಗೆ, ಹೆಚ್ಚಿಗೆ ಬರುತ್ತಿದೆಯೆಂದು ಗೊತ್ತಿದ್ದೂ ಸುಮ್ಮನಿದ್ದವರಿಗೆ ಆ ರಕ್ಷಣೆಯೂ ಇಲ್ಲ. ಮುಚ್ಚಳಿಕೆ ಬರೆದುಕೊಟ್ಟವರ ವಿಷಯವೂ ಬೇರೆ. ವೇತನ ಪರಿಷ್ಕರಣೆಯಾದಾಗ ‘ಹೆಚ್ಚಿಗೆ ಬಂದರೆ ಹಿಂದಿರುಗಿಸುತ್ತೇನೆ’ ಎಂದು ಸಹಿ ಹಾಕಿಸಿಕೊಳ್ಳುವ ರೂಢಿಯಿದೆ. ಜಗದೇವ್ ಸಿಂಗ್ ಎಂಬ ನ್ಯಾಯಾಂಗ ಅಧಿಕಾರಿಯ ಪ್ರಕರಣದಲ್ಲಿ 2016ರ ಜುಲೈ 29ರಂದು ಸುಪ್ರೀಂ ಕೋರ್ಟು ಅಂಥ ಮುಚ್ಚಳಿಕೆಗೆ ಅವರು ಬದ್ಧರೆಂದು ಹೇಳಿತು. ಆದರೂ ಎರಡು ವರ್ಷದ ಮಾಸಿಕ ಕಂತುಗಳಲ್ಲಿ ಹಿಡಿಯಿರಿ ಎಂದು ಭಾರ ಇಳಿಸಿತು. ಅವರು ಅಧಿಕಾರಿ, ಕಾನೂನು ಬಲ್ಲವರು. ಹತ್ತು ಕಾಗದಗಳ ನಡುವೆ ತೋರಿಸಿದ ಕಡೆ ಸಹಿ ಹಾಕಿದ ಹಾಸ್ಟೆಲ್ ಅಡುಗೆಯವರನ್ನೂ ಅದೇ ಅಳತೆಯಲ್ಲಿ ಅಳೆಯಬೇಕೆಂದರೆ ಒಪ್ಪುವುದು ಕಷ್ಟ.

ನೆರೆಯ ಕೇರಳದ ಥಾಮಸ್ ಡೇನಿಯಲ್ ಎಂಬ ಶಿಕ್ಷಕರ ಪ್ರಕರಣ ಓದಿದರೆ ಹೊಟ್ಟೆ ಉರಿಯುತ್ತದೆ. ಅವರು ಪಡೆದ ಭತ್ಯೆರಹಿತ ರಜೆಯ ಅವಧಿಯನ್ನೂ ವೇತನ ಬಡ್ತಿಗೆ ಲೆಕ್ಕ ಹಿಡಿದಿದ್ದರು. ತಪ್ಪು ಇಲಾಖೆಯದು. ಅವರು 1999ರ ಮಾರ್ಚ್ 31ರಂದು ನಿವೃತ್ತರಾದರು. ವಸೂಲಿ ಬೇಡವೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಮೇ 2ರಂದು. ಆ ಪೀಠದಲ್ಲಿದ್ದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಮತ್ತು ನ್ಯಾಯಮೂರ್ತಿ ವಿಕ್ರಮ್ ನಾಥ್. ನಿವೃತ್ತಿಗೂ ತೀರ್ಪಿಗೂ ನಡುವೆ ಇಪ್ಪತ್ತಮೂರು ವರ್ಷ. ಗೆದ್ದರು ಎಂದು ಬರೆಯುವುದು ಸುಲಭ. ಆ ವರ್ಷಗಳನ್ನು ಅವರಿಗೆ ಯಾರು ಹಿಂದಿರುಗಿಸಿಯಾರು?

ಇದೇ ಕಥೆ ಇನ್ನೂ ದೊಡ್ಡದಾಗಿ ನಡೆದದ್ದು ಕೆನಡಾದಲ್ಲಿ. ಅಲ್ಲಿನ ಕೇಂದ್ರ ಸರ್ಕಾರ ಸುಮಾರು 2,90,000 ನೌಕರರ ಸಂಬಳಕ್ಕೆ ‘ಫೀನಿಕ್ಸ್’ ಎಂಬ ಹೊಸ ವ್ಯವಸ್ಥೆಯನ್ನು 2016ರ ಫೆಬ್ರವರಿಯಲ್ಲಿ ಆರಂಭಿಸಿತು. ವರ್ಷಕ್ಕೆ 7 ಕೋಟಿ ಡಾಲರ್ ಉಳಿತಾಯ ಅದರ ಗುರಿ. ಅದಕ್ಕಾಗಿ ಇಲಾಖೆಗಳಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದ ಸುಮಾರು 1,200 ಹುದ್ದೆಗಳನ್ನು ತೆಗೆದು, ಮಿರಾಮಿಶಿ ಎಂಬ ಸಣ್ಣ ಊರಿನ ಒಂದೇ ಕೇಂದ್ರದ 550 ಜನರಿಗೆ ಕೆಲಸ ವಹಿಸಿದರು. ಮುಂದೆ ಆದದ್ದನ್ನು ಅಲ್ಲಿನ ಮಹಾಲೆಕ್ಕ ಪರಿಶೋಧಕರು ದಾಖಲಿಸಿದ್ದಾರೆ. 2017ರ ಜೂನ್ ಕೊನೆಗೆ 51,000 ನೌಕರರಿಗೆ 22.8 ಕೋಟಿ ಡಾಲರ್ ಕಡಿಮೆ ಬಂದಿತ್ತು. 59,000 ಜನರಿಗೆ 29.5 ಕೋಟಿ ಡಾಲರ್ ಹೆಚ್ಚಿಗೆ ಹೋಗಿತ್ತು. ಹೆಚ್ಚಿಗೆ ಬಂದವರ ಪಾಡು ಇನ್ನೊಂದು ಬಗೆಯದು. ಅವರ ಕೈಗೆ ತಲುಪಿದ್ದು ತೆರಿಗೆ ಕಳೆದು ಉಳಿದ ಹಣ, ಸರ್ಕಾರ ವಾಪಸು ಕೇಳಿದ್ದು ತೆರಿಗೆಯೂ ಸೇರಿದ ಪೂರ್ತಿ ಮೊತ್ತ. ಕೈಗೆ ಬಂದಷ್ಟನ್ನೇ ಹಿಂದಿರುಗಿಸಿದರೆ ಸಾಕೆಂದು 2019ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಕೆನಡಾದಲ್ಲಿ ಕುಸಿದದ್ದು ಯಂತ್ರ ಮಾತ್ರವಲ್ಲ. ಪ್ರತಿ ಇಲಾಖೆಯಲ್ಲೂ ತಮ್ಮ ಜನರ ರಜೆ, ಪಾಳಿ, ಬಡ್ತಿಗಳನ್ನು ಹೆಸರು ಹಿಡಿದು ಬಲ್ಲವರಿದ್ದರು. ಅವರನ್ನು ಮನೆಗೆ ಕಳಿಸಿದ ಮೇಲೆ ತಪ್ಪು ನಮೂದನ್ನು ಗುರುತಿಸುವ ಕಣ್ಣು ಉಳಿಯಲಿಲ್ಲ. ನಮ್ಮ ತಾಲೂಕು ಕಚೇರಿಗಳಲ್ಲಿ ಅನುಭವಸ್ಥ ಗುಮಾಸ್ತರು ನಿವೃತ್ತರಾದಾಗ ಆ ಜಾಗ ವರ್ಷಗಟ್ಟಲೆ ಖಾಲಿ ಉಳಿಯುವುದನ್ನು ನೋಡಿದರೆ ಅದೇ ಭಯವಾಗುತ್ತದೆ. ವೇತನ ಬಿಲ್ಲು ಮಾಡುವ ಕೆಲಸಕ್ಕೆ ಕೆಸಿಎಸ್‌ಆರ್ ಬಲ್ಲ ಒಬ್ಬರು ಬೇಕು. ಗಣಕಯಂತ್ರ ಒತ್ತಲು ಬಂದರೆ ಸಾಕೆಂದು ಹೊರಗುತ್ತಿಗೆಯ ಡಾಟಾ ಎಂಟ್ರಿ ಸಹಾಯಕರ ಮೇಲೆ ಅಷ್ಟು ಹೊಣೆ ಹೊರಿಸುವುದು ಅವರಿಗೂ ಅನ್ಯಾಯ, ನೌಕರರಿಗೂ ಅನ್ಯಾಯ.

ರಿಕವರಿ ನೋಟಿಸು ಬಂದ ಮೇಲೆ ಏನು ಮಾಡಬೇಕು? ಮೊದಲು ಲೆಕ್ಕದ ಪಟ್ಟಿ ಕೇಳಬೇಕು: ಯಾವ ದಿನಾಂಕದಿಂದ, ಯಾವ ನಿಯಮದಡಿ, ತಿಂಗಳಿಗೆ ಎಷ್ಟರಂತೆ ಹೆಚ್ಚಿಗೆ ಪಾವತಿಯಾಗಿದೆ ಎಂಬ ತಿಂಗಳವಾರು ವಿವರ. ಬರೀ ಒಟ್ಟು ಮೊತ್ತ ಬರೆದ ನೋಟಿಸಿಗೆ ಉತ್ತರ ಕೊಡುವುದೇ ಕಷ್ಟ. ಹಿಂದಿನ ವರ್ಷಗಳಲ್ಲಿ ಆ ಹೆಚ್ಚುವರಿಯ ಮೇಲೆ ಆದಾಯ ತೆರಿಗೆ ಹಿಡಿದಿದ್ದರೆ ಅದನ್ನೂ ಉತ್ತರದಲ್ಲಿ ಕಾಣಿಸಬೇಕು. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿ ಹೊಸ ಪಿಂಚಣಿ ಯೋಜನೆಯಲ್ಲಿರುವವರಾದರೆ ಆ ಹಣದಿಂದ ಒಂದು ಪಾಲು ಅವರ ಪಿಂಚಣಿ ಖಾತೆಗೂ ಹೋಗಿರುತ್ತದೆ. ಅದು ಕೈಗೆ ಬಂದ ಹಣವಲ್ಲ. ಉತ್ತರ ಬರಹದಲ್ಲಿರಲಿ, ಸ್ವೀಕೃತಿ ಇರಲಿ. ಕಚೇರಿಯಲ್ಲಿ ಬಗೆಹರಿಯದಿದ್ದರೆ ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಬಾಗಿಲಿದೆ. ಹನೂರಿನವರಿಗೆ ಅದು ಬೆಂಗಳೂರು. ವಕೀಲರ ಶುಲ್ಕ, ಬಸ್ಸಿನ ಖರ್ಚು, ಹೋದ ರಜೆಗಳನ್ನು ಕೂಡಿದರೆ ಕೆಲವೊಮ್ಮೆ ರಿಕವರಿ ಮೊತ್ತಕ್ಕೇ ಹತ್ತಿರವಾಗುತ್ತದೆ. ಅದಕ್ಕೇ ಅನೇಕರು ಮಾತಿಲ್ಲದೆ ಕಟ್ಟಿ ಮುಗಿಸುತ್ತಾರೆ.

ಇಷ್ಟು ದೂರ ಹೋಗದಂತೆ ತಡೆಯುವ ದಾರಿಗಳಿಗೆ ದೊಡ್ಡ ಖರ್ಚಿಲ್ಲ. ಕೇಂದ್ರದ 2021ರ ಪಿಂಚಣಿ ನಿಯಮಗಳ ಪ್ರಕಾರ ನೌಕರನ ಸೇವೆ 18 ವರ್ಷ ತುಂಬಿದಾಗ ಒಮ್ಮೆ, ನಿವೃತ್ತಿಗೆ 5 ವರ್ಷ ಉಳಿದಾಗ ಇನ್ನೊಮ್ಮೆ ಸೇವಾ ದಾಖಲೆ ಪರಿಶೀಲಿಸಿ ಅವನ ಅರ್ಹ ಸೇವೆಯನ್ನು ಬರಹದಲ್ಲಿ ತಿಳಿಸಬೇಕು. ಆ ಪರಿಶೀಲನೆಯ ಜೊತೆಯಲ್ಲೇ ವೇತನ ನಿಗದಿಯನ್ನೂ ನೋಡಿದರೆ ಕೊನೆಯ ವರ್ಷದ ಆಘಾತ ಎಷ್ಟೋ ತಪ್ಪುತ್ತದೆ. ಚಾಮರಾಜನಗರ ಜಿಲ್ಲೆಯ ಕಚೇರಿಗಳು ವರ್ಗಾವಣೆ ಹಂಗಾಮು ಮುಗಿದ ತಿಂಗಳಲ್ಲಿ ಹೊಸದಾಗಿ ಬಂದವರ ಬಾಡಿಗೆ ಭತ್ಯೆ, ವಸತಿಗೃಹ, ಕೊನೆಯ ಬಡ್ತಿ ಈ ಮೂರನ್ನು ಸೇವಾ ಪುಸ್ತಕದ ಜೊತೆ ಹೋಲಿಸಿ ನೋಡಲಿ. ಒಂದು ಮಧ್ಯಾಹ್ನದ ಕೆಲಸ ಅದು.

ಇನ್ನೊಂದು ಕೆಲಸ ತಂತ್ರಾಂಶದವರದು. ಈಗ ನೌಕರರು ವೇತನ ಚೀಟಿಯನ್ನು ಮೊಬೈಲಿನಲ್ಲೇ ನೋಡಬಹುದು. ಅದರಲ್ಲಿ ಈ ತಿಂಗಳ ಅಂಕಿಗಳಿರುತ್ತವೆ. ಹೋದ ತಿಂಗಳಿಗಿಂತ ಯಾವುದು ಬದಲಾಯಿತು, ಯಾವ ಆದೇಶದಿಂದ ಬದಲಾಯಿತು ಎಂಬ ಒಂದು ಸಾಲು ಕನ್ನಡದಲ್ಲಿ ಸೇರಲಿ. ಊರು ಬದಲಾದರೂ ಬಾಡಿಗೆ ಭತ್ಯೆಯ ದರ ಬದಲಾಗದಿದ್ದರೆ ಬಿಲ್ಲು ಮುಂದೆ ಹೋಗುವ ಮುನ್ನ ಬಟವಾಡೆ ಅಧಿಕಾರಿಗೆ ಎಚ್ಚರಿಕೆ ಕಾಣಲಿ. ಮೈಸೂರಿನಿಂದ ಹನೂರಿಗೆ ಬಂದವರ 3,750 ರೂಪಾಯಿ ಆಗ ಮೊದಲ ಬಿಲ್ಲಿನಲ್ಲೇ ನಿಲ್ಲುತ್ತದೆ, ನೋಟಿಸಿನ ಅಗತ್ಯವೇ ಬರುವುದಿಲ್ಲ.